ಇಲಿ ಮರಿ ಮಾಡಿಸುವ ಕೋಣೆ: ಘಾಟು ತಗ್ಗಿಸುವುದು, ಕಾವು ಕಾಯುವುದು

ನನ್ನ ಮೊದಲ ಚಳಿಗಾಲದ ತಪ್ಪಿನಿಂದಲೇ ಶುರು ಮಾಡುತ್ತೇನೆ. ಇಲಿಗಳ ಕೋಣೆಯಲ್ಲಿ ಒಂದೇ ವಾರದಲ್ಲಿ ಮೂರು ತಾಯಂದಿರು ಮರಿ ಹಾಕಿದ್ದವು. ಮೈಮೇಲೆ ಒಂದು ಕೂದಲೂ ಇಲ್ಲದ, ಹೆಬ್ಬೆರಳ ತುದಿಯಷ್ಟಿದ್ದ ಮರಿಗಳು ಚಳಿಗೆ ಸತ್ತುಹೋದಾವು ಎಂಬ ಭಯಕ್ಕೆ ಕಿಟಕಿ ಮುಚ್ಚಿದೆ, ಬಾಗಿಲಿನ ಕೆಳಗಿನ ಸಂದಿಗೆ ಬಟ್ಟೆ ತುರುಕಿದೆ, ಹೀಟರ್ ಹಚ್ಚಿದೆ. ಕೋಣೆ ಬೆಚ್ಚಗಾಯಿತು. ಮೂರು ವಾರ ಕಳೆಯುವಷ್ಟರಲ್ಲಿ ದೊಡ್ಡ ಇಲಿಗಳು ಸೀನತೊಡಗಿದವು. ಎರಡರ ಮೂಗಿನ ಸುತ್ತ ತುಕ್ಕಿನ ಬಣ್ಣದ ಕಲೆ ಕಾಣಿಸಿತು. ಅದೇ ವಾರ ಮನೆಗೆ ಬಂದ ನೆಂಟರೊಬ್ಬರು ಕೋಣೆಯ ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ನಿಂತರು. ದಿನಕ್ಕೆ ಮೂರು ಬಾರಿ ಅಲ್ಲಿಗೇ ಹೋಗಿ ಬರುತ್ತಿದ್ದ ನನಗೆ ಏನೂ ಗೊತ್ತಾಗಿರಲಿಲ್ಲ.

ಗಾಬರಿಯಾಗಿ ಅಂದು ರಾತ್ರಿ ಕಿಟಕಿಯನ್ನು ಪೂರ್ತಿ ತೆರೆದಿಟ್ಟೆ. ಅದು ಎರಡನೆಯ ತಪ್ಪು. ಬೆಳಗಾಗುವ ಹೊತ್ತಿಗೆ ಗೂಡಿನಿಂದ ಹೊರಗೆ ಉರುಳಿದ್ದ ಎರಡು ಮರಿಗಳು ತಣ್ಣಗಾಗಿ ಬಿದ್ದಿದ್ದವು.

ವಾಸನೆಯದೇ ಒಂದು ಸಮಸ್ಯೆ, ತಾಪಮಾನದ್ದೇ ಇನ್ನೊಂದು ಎಂದುಕೊಂಡು ಒಂದೊಂದಕ್ಕೆ ಬೇರೆ ಬೇರೆ ಮದ್ದು ಹುಡುಕಿದರೆ ಆಗುವುದು ಹೀಗೆಯೇ. ಕಾವು ಏರಿದರೆ ಘಾಟು ಏರುತ್ತದೆ, ಘಾಟು ಕಳೆಯಲು ಗಾಳಿ ಬಿಟ್ಟರೆ ಕಾವು ಇಳಿಯುತ್ತದೆ. ಆದ್ದರಿಂದ ಕೆಳಗಿನ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಮಾಡಿಕೊಂಡು ಹೋಗಿ. ಮೊದಲು ತೇವ, ಆಮೇಲೆ ಗಾಳಿ, ಕೊನೆಗೆ ಹೀಟರ್ ಅಥವಾ ಏಸಿ. ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ.

ಈ ಬರಹದಲ್ಲಿ ರ‍್ಯಾಟ್ ಎನ್ನುವುದನ್ನು ಇಲಿ ಎಂದೂ, ಮೌಸ್ ಎನ್ನುವ ಪುಟ್ಟದ್ದನ್ನು ಚಿಟ್ಟಿಲಿ ಎಂದೂ ಕರೆದಿದ್ದೇನೆ.

ಮೊದಲ ಹೆಜ್ಜೆ: ಯಾವ ವಾಸನೆ ಎಂದು ಗುರುತಿಸಿ

ಪಂಜರದಲ್ಲಿ ಎರಡು ಬಗೆಯ ವಾಸನೆ ಇರುತ್ತದೆ. ಒಂದು, ಪ್ರಾಣಿಯ ಮೈವಾಸನೆ. ಇನ್ನೊಂದು, ಅಮೋನಿಯಾದ ಘಾಟು. ಎರಡನ್ನೂ ಬೆರೆಸಿಕೊಂಡು ಎಲ್ಲವನ್ನೂ ತೊಳೆದು ಹಾಕಲು ಹೊರಟರೆ ಕೆಲಸ ಕೆಡುತ್ತದೆ.

ಆಗಷ್ಟೇ ಬಿದ್ದ ಮೂತ್ರಕ್ಕೆ ಅಮೋನಿಯಾದ ಘಾಟು ಹೆಚ್ಚು ಇರುವುದಿಲ್ಲ. ಮೂತ್ರದಲ್ಲಿ ಇರುವುದು ಯೂರಿಯಾ. ಹಾಸಿನಲ್ಲಿರುವ ಬ್ಯಾಕ್ಟೀರಿಯಾಗಳು ಯೂರಿಯೇಸ್ ಎಂಬ ಕಿಣ್ವದಿಂದ ಅದನ್ನು ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಈ ಬ್ಯಾಕ್ಟೀರಿಯಾಗಳಿಗೆ ಬೇಕಾದದ್ದು ತೇವ, ಬಿಸುಪು ಮತ್ತು ಸಮಯ. ಮೂರರಲ್ಲಿ ಒಂದನ್ನು ಕಡಿಮೆ ಮಾಡಿದರೂ ಘಾಟು ತಗ್ಗುತ್ತದೆ. ಬಿಸುಪನ್ನು ನಾವು ಇಳಿಸುವಂತಿಲ್ಲ, ಮರಿಗಳಿಗೆ ಅದು ಬೇಕು. ಹಾಗಾಗಿ ಕೈಗೆ ಸಿಗುವುದು ತೇವ ಮತ್ತು ಸಮಯ.

ಮೈವಾಸನೆಯ ವಿಷಯ ಬೇರೆ. ಗಂಡು ಚಿಟ್ಟಿಲಿಯ ಮೂತ್ರದಲ್ಲಿ ಒಂದು ಬಗೆಯ ಪ್ರೋಟೀನುಗಳಿವೆ. ಅವು ವಾಸನೆಯ ಅಣುಗಳನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತವೆ. ಅದಕ್ಕೇ ಒಂದು ಗಂಡು ಗುರುತು ಹಾಕಿದ ಜಾಗ ಬಹಳ ಹೊತ್ತು ಕಮಟು ಸೂಸುತ್ತಲೇ ಇರುತ್ತದೆ. ಆ ವಾಸನೆ ಅವುಗಳ ಸಂಸಾರವನ್ನೇ ನಡೆಸುತ್ತದೆ. ಗಂಡಿನ ವಾಸನೆ ತಾಗಿದ ಹೆಣ್ಣುಗಳು ಒಟ್ಟೊಟ್ಟಿಗೆ ಬೆದೆಗೆ ಬರುತ್ತವೆ. ಆಗಷ್ಟೇ ಗಬ್ಬವಾದ ಹೆಣ್ಣಿಗೆ ಅಪರಿಚಿತ ಗಂಡಿನ ವಾಸನೆ ತಾಗಿದರೆ ಗಬ್ಬ ನಿಲ್ಲದೆ ಹೋಗಬಹುದು. ಇದನ್ನು ಹಿಲ್ಡಾ ಬ್ರೂಸ್ ಎಂಬ ವಿಜ್ಞಾನಿ 1959ರಲ್ಲಿ ಮೊದಲು ತೋರಿಸಿಕೊಟ್ಟರು. ಮರಿ ಮಾಡಿಸುವವರು ಇದನ್ನು ನೆನಪಿಡಬೇಕು: ಜೋಡಿ ಮಾಡಿದ ಮೊದಲ ವಾರ ಬೇರೆ ಗಂಡಿನ ಪಂಜರವನ್ನು ಪಕ್ಕದಲ್ಲಿಡಬೇಡಿ, ಒಂದರ ಹಾಸು ಮುಟ್ಟಿದ ಕೈಯಲ್ಲೇ ಇನ್ನೊಂದಕ್ಕೆ ಕೈ ಹಾಕಬೇಡಿ.

ಒಟ್ಟಿನಲ್ಲಿ ನಾವು ಓಡಿಸಬೇಕಾದದ್ದು ಅಮೋನಿಯಾವನ್ನು. ಮೈವಾಸನೆ ಒಂದಿಷ್ಟು ಉಳಿಯಲಿ.

ಎರಡನೆಯ ಹೆಜ್ಜೆ: ಅಳೆಯಿರಿ

ನಿಮ್ಮ ಮೂಗನ್ನು ನಂಬಬೇಡಿ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಮೂಗು ಅದನ್ನು ಹೇಳುವುದನ್ನೇ ನಿಲ್ಲಿಸಿಬಿಡುತ್ತದೆ. ಬೆಳಗ್ಗೆ ಎದ್ದು ಮೊದಲು ಹತ್ತು ನಿಮಿಷ ಹೊರಗೆ ಓಡಾಡಿ, ಆಮೇಲೆ ಫ್ಯಾನ್ ಹಾಕುವ ಮುಂಚೆ ಕೋಣೆಗೆ ಹೋಗಿ. ನಿಂತು ಮೂಸಿದರೆ ಸಾಲದು. ಕೆಳಗೆ ಕುಳಿತು, ಮುಚ್ಚಳ ತೆಗೆದು, ಹಾಸಿನ ಮಟ್ಟಕ್ಕೆ ಮುಖ ಒಯ್ಯಿರಿ. ಇಲಿ ಉಸಿರಾಡುವುದು ಅಲ್ಲಿ. ಕಣ್ಣು ಚುರುಗುಟ್ಟಿದರೆ ಅಥವಾ ಗಂಟಲು ಹಿಡಿದಂತಾದರೆ ಆ ಪಂಜರಕ್ಕೆ ಆಗಬೇಕಾದ ಕೆಲಸ ನಿನ್ನೆಯೇ ಆಗಬೇಕಿತ್ತು.

ಇನ್ನೂ ಖಚಿತವಾಗಿ ತಿಳಿಯಬೇಕೆಂದರೆ ಕೆಂಪು ಲಿಟ್ಮಸ್ ಕಾಗದದ ತುಂಡನ್ನು ಶುದ್ಧ ನೀರಿನಲ್ಲಿ ಒದ್ದೆ ಮಾಡಿ ಹಾಸಿನ ಮೇಲೆ ಒಂದಂಗುಲ ಎತ್ತರದಲ್ಲಿ ಕೆಲವು ನಿಮಿಷ ಹಿಡಿಯಿರಿ. ಅಮೋನಿಯಾ ಇದ್ದರೆ ನೀಲಿಗೆ ತಿರುಗುತ್ತದೆ. ಎಷ್ಟಿದೆ ಎಂದು ಅದು ಹೇಳದು, ಆದರೆ ಇದೆಯೋ ಇಲ್ಲವೋ ಎಂಬುದಕ್ಕೆ ಸಾಕ್ಷಿ. ಪ್ರಾಣಿಗಳ ಬಾಯಿಗೆ ಸಿಗದಂತೆ ಕೈಯಲ್ಲೇ ಹಿಡಿದಿರಿ.

ಇಷ್ಟೆಲ್ಲ ಯಾಕೆಂದರೆ, ಸಾಕಿದ ಇಲಿಗಳಲ್ಲಿ ಮೈಕೋಪ್ಲಾಸ್ಮಾ ಪಲ್ಮೋನಿಸ್ ಎಂಬ ಶ್ವಾಸಕೋಶದ ಸೋಂಕು ಬಹಳ ಸಾಮಾನ್ಯ. ಎಷ್ಟೋ ಇಲಿಗಳಲ್ಲಿ ಅದು ಸದ್ದಿಲ್ಲದೆ ಇರುತ್ತದೆ. ಅಮೋನಿಯಾ ಉಸಿರುನಾಳದ ಒಳಪದರವನ್ನು ಕೆರಳಿಸಿದಾಗ ಅದೇ ಸೋಂಕು ತಲೆಯೆತ್ತುತ್ತದೆ. ಮನುಷ್ಯರು ದಿನಕ್ಕೆ ಎಂಟು ಗಂಟೆ ಕೆಲಸ ಮಾಡುವ ಜಾಗದಲ್ಲಿ ಅಮೋನಿಯಾ 25 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗಕ್ಕೆ 25 ಭಾಗ, ದಾಟಬಾರದೆಂಬುದು ಸಾಮಾನ್ಯವಾಗಿ ಬಳಸುವ ಮಿತಿಗಳಲ್ಲೊಂದು. ಇಲಿಗೆ ಎಂಟು ಗಂಟೆಯ ಮೇಲೆ ಮನೆಗೆ ಹೋಗುವ ಅವಕಾಶವಿಲ್ಲ.

ಮೂರನೆಯ ಹೆಜ್ಜೆ: ನೀರಿನ ಬಾಟಲಿ

ಇದಕ್ಕೆ ಒಂದು ಪೂರ್ತಿ ಹೆಜ್ಜೆ ಯಾಕೆ ಎಂದು ಕೇಳಬಹುದು. ಚಿಟ್ಟಿಲಿಯೊಂದು ದಿನಕ್ಕೆ ಹೊಯ್ಯುವ ಮೂತ್ರ ಒಂದೆರಡು ಮಿಲಿಲೀಟರ್ ಮಾತ್ರ. ಸೋರುವ ಬಾಟಲಿ ಒಂದೇ ರಾತ್ರಿಯಲ್ಲಿ 100 ಮಿಲಿಲೀಟರ್ ಸುರಿಸಬಲ್ಲದು. ಐವತ್ತು ಚಿಟ್ಟಿಲಿಗಳನ್ನು ತಂದು ಆ ಒಂದೇ ಪಂಜರಕ್ಕೆ ಬಿಟ್ಟಷ್ಟು ತೇವ ಅದು. ಘಾಟಿನ ಬಗ್ಗೆ ಯಾರಾದರೂ ದೂರು ಹೇಳಿದರೆ ನಾನು ಮೊದಲು ಕೇಳುವುದು ಬಾಟಲಿಯ ಬಗ್ಗೆಯೇ.

ಬಾಟಲಿಯ ಮೂತಿಯ ಕೆಳಗಿನ ಹಾಸನ್ನು ಒಂದು ಹಿಡಿ ತೆಗೆದು ಹಿಂಡಿ ನೋಡಿ. ಹಿಂಡಿದ್ದು ಉಂಡೆಯಾಗಿ ನಿಂತರೆ ಸೋರುತ್ತಿದೆ ಎಂದರ್ಥ. ಒಳ್ಳೆಯ ಹಾಸು ಬೆರಳು ಬಿಟ್ಟೊಡನೆ ಉದುರಬೇಕು. ಬಾಟಲಿಯನ್ನು ಪೂರ್ತಿ ತುಂಬಿ, ತಲೆಕೆಳಗು ಮಾಡಿ, ಮೊದಲ ಕೆಲವು ಹನಿ ಬಿದ್ದು ನಿಂತ ಮೇಲೆಯೇ ಪಂಜರಕ್ಕೆ ಸಿಕ್ಕಿಸಿ. ಹಾಸಿನ ಗುಪ್ಪೆ ಮೂತಿಗೆ ತಾಗಿದರೆ ಬತ್ತಿಯ ಹಾಗೆ ನೀರನ್ನು ಎಳೆದು ರಾತ್ರಿಯಿಡೀ ಇಳಿಸುತ್ತದೆ. ಗೂಡು ಕಟ್ಟುವ ತಾಯಂದಿರು ಹಾಸನ್ನು ಮೂಲೆಗೆ ಒಟ್ಟುವುದರಿಂದ ಹೀಗಾಗುವುದು ಹೆಚ್ಚು. ಮೂತಿಯ ಕೆಳಗೆ ಮೂರು ನಾಲ್ಕು ಬೆರಳಷ್ಟು ಜಾಗ ಬರಿದಾಗಿರಲಿ, ಮರಿಗಳಿಗೆ ಎಟುಕುವಷ್ಟು ಮಾತ್ರ ಎತ್ತರವಿರಲಿ.

ಇನ್ನೊಂದು ಸೂಕ್ಷ್ಮ ಸಂಗತಿಯಿದೆ, ನನಗೆ ತಿಳಿಯಲು ವರ್ಷವೇ ಹಿಡಿಯಿತು. ಅರ್ಧ ಖಾಲಿಯಾದ ಬಾಟಲಿಯ ಮೇಲ್ಭಾಗದಲ್ಲಿ ಗಾಳಿ ಇರುತ್ತದೆ. ಕೋಣೆ ಬಿಸಿಯಾದಂತೆ ಆ ಗಾಳಿ ಹಿಗ್ಗಿ ನೀರನ್ನು ಮೂತಿಯಿಂದ ಹೊರಗೆ ತಳ್ಳುತ್ತದೆ. ರಾತ್ರಿ ತಣ್ಣಗಿದ್ದು ಮಧ್ಯಾಹ್ನ ಬಿಸಿಯೇರುವ ಕೋಣೆಯಲ್ಲಿ ಚೆನ್ನಾಗಿರುವ ಬಾಟಲಿಯೂ ಸೋರುತ್ತದೆ. ಬಾಟಲಿ ಬದಲಿಸುತ್ತಲೇ ಇದ್ದ ನಾನು ಕೊನೆಗೆ ಬದಲಿಸಬೇಕಾದದ್ದು ಕೋಣೆಯ ಏರಿಳಿತವನ್ನು ಎಂದು ಅರಿತೆ. ದಿನವೂ ಬಾಟಲಿ ತುಂಬಿಸಿಡುವುದು, ತಾಪಮಾನವನ್ನು ಒಂದೇ ಸಮ ಇಡುವುದು, ಇವೆರಡೂ ಈ ಸೋರಿಕೆಗೆ ಮದ್ದು.

ನಾಲ್ಕನೆಯ ಹೆಜ್ಜೆ: ಹಾಸು

ಹಾಸು ಹೀರಬೇಕು, ಧೂಳು ಎಬ್ಬಿಸಬಾರದು, ತನ್ನದೇ ಘಮ ಬೀರಬಾರದು. ಸೀಡರ್ ಮರದ ಸುರುಳಿ ಬೇಡವೇ ಬೇಡ. ಅದರ ಸುವಾಸನೆ ನಮಗೆ ಹಿತವೆನಿಸಿದರೂ ಅದೇ ಆವಿ ಪುಟ್ಟ ಪ್ರಾಣಿಯ ಉಸಿರುನಾಳವನ್ನು ಕೆರಳಿಸುತ್ತದೆ, ಯಕೃತ್ತಿನ ಮೇಲೆ ಪರಿಣಾಮ ಬೀರುತ್ತದೆ. ಒಲೆಯಲ್ಲಿ ಒಣಗಿಸದ ಪೈನ್ ಕೂಡ ಬೇಡ. ಆಸ್ಪೆನ್ ಮರದ ತೆಳು ಸುರುಳಿ, ಕಾಗದದ ಉಂಡೆ, ಹೆಂಪ್ ನಾರು ಒಳ್ಳೆಯವು. ಹಿಟ್ಟಿನಂಥ ಮರದ ಹೊಟ್ಟು ಹೀರುತ್ತದೆ ನಿಜ, ಆದರೆ ಅದರ ಧೂಳು ಮರಿಗಳ ಮೂಗಿಗೆ ಹೋಗುತ್ತದೆ.

ನಾನು ಎರಡು ಪದರ ಹಾಕುತ್ತೇನೆ. ಕೆಳಗೆ ಒಂದು ಅಂಗುಲ ಕಾಗದದ ಉಂಡೆ, ಮೇಲೆ ಎರಡು ಮೂರು ಅಂಗುಲ ಆಸ್ಪೆನ್ ಸುರುಳಿ. ಮೂತ್ರ ಕೆಳಗಿಳಿದು ಅಲ್ಲೇ ಹಿಂಗುತ್ತದೆ, ಗೂಡು ಮೇಲೆ ಒಣಗಿರುತ್ತದೆ. ಹ್ಯಾಮ್‌ಸ್ಟರ್‌ಗೆ ಮತ್ತು ಜರ್ಬಿಲ್‌ಗೆ ಇನ್ನೂ ಆಳವಾದ ಹಾಸು ಬೇಕು, ಅವು ಇಲಿಯಂತೆಯೇ ಮನೆಯಲ್ಲಿ ಸಾಕುವ, ಆದರೆ ನೆಲ ತೋಡುವ ಪುಟ್ಟ ಪ್ರಾಣಿಗಳು. ಜರ್ಬಿಲ್ ಒಣ ನೆಲದ ಪ್ರಾಣಿಯಾದ್ದರಿಂದ ಮೂತ್ರವೂ ಅತಿ ಕಡಿಮೆ. ಗಿನಿಪಿಗ್ ತದ್ವಿರುದ್ಧ: ಹೆಚ್ಚು ಕುಡಿಯುತ್ತದೆ, ಹೆಚ್ಚು ಹೊಯ್ಯುತ್ತದೆ, ಅದರ ಹಾಸನ್ನು ದಿನವೂ ನೋಡಲೇಬೇಕು. ಹ್ಯಾಮ್‌ಸ್ಟರ್ ಬಹುಪಾಲು ಒಂದೇ ಮೂಲೆಯಲ್ಲಿ ಹೊಯ್ಯುವುದರಿಂದ ಆ ಮೂಲೆಗೊಂದು ತಟ್ಟೆ ಇಟ್ಟರೆ ಅರ್ಧ ಕೆಲಸ ಮುಗಿದಂತೆ.

ಅಡುಗೆ ಸೋಡಾವನ್ನು ಹಾಸಿನಲ್ಲಿ ಬೆರೆಸಿ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಅಮೋನಿಯಾ ಕ್ಷಾರ, ಸೋಡಾವೂ ಕ್ಷಾರ. ಒಂದು ಕ್ಷಾರ ಇನ್ನೊಂದನ್ನು ತಟಸ್ಥಗೊಳಿಸದು. ಅದರ ಪುಡಿ ಮಾತ್ರ ಪ್ರಾಣಿಗಳ ಮೂಗಿಗೆ ಹೋಗುತ್ತದೆ.

ಐದನೆಯ ಹೆಜ್ಜೆ: ತಲೆಗಳ ಲೆಕ್ಕ

ಒಂದು ಗಂಡು, ಒಂದು ಹೆಣ್ಣು ಚಿಟ್ಟಿಲಿ ಇವೆ ಎನ್ನಿ. ಗಬ್ಬದ ಅವಧಿ 19ರಿಂದ 21 ದಿನ. ಮರಿ ಹಾಕಿದ 24 ಗಂಟೆಯೊಳಗೆ ಹೆಣ್ಣು ಮತ್ತೆ ಬೆದೆಗೆ ಬರುತ್ತದೆ. ಗಂಡು ಅಲ್ಲೇ ಇದ್ದರೆ ಮತ್ತೆ ಗಬ್ಬ. ಸಲಕ್ಕೆ ಎಂಟು ಮರಿ ಎಂದು ಹಿಡಿದರೂ ಆರು ವಾರದಲ್ಲಿ ಎರಡು ತಲೆ ಹದಿನೆಂಟಾಗುತ್ತದೆ. ಎರಡು ತಲೆಗೆಂದು ಮಾಡಿಕೊಂಡ ಸ್ವಚ್ಛತೆಯ ವೇಳಾಪಟ್ಟಿ ಹದಿನೆಂಟಕ್ಕೆ ಹೇಗೆ ಸಾಕಾದೀತು? ಕೋಣೆ ಇದ್ದಕ್ಕಿದ್ದಂತೆ ನಾರತೊಡಗಿತು ಎನ್ನುವವರ ಕಥೆ ಬಹುಪಾಲು ಇದೇ.

ಹೆಣ್ಣಿನ ಹೊಟ್ಟೆ ಕಾಣತೊಡಗಿದ ಕೂಡಲೇ ಗಂಡನ್ನು ಬೇರೆ ಮಾಡಿ. ತಾಯಿಗೂ ಒಂದು ಸಲದ ಬಿಡುವು ಸಿಗುತ್ತದೆ. ಚಿಟ್ಟಿಲಿ ಮರಿಗಳನ್ನು ನಾಲ್ಕು ವಾರಕ್ಕೆ, ಇಲಿ ಮರಿಗಳನ್ನು ಐದು ವಾರಕ್ಕೆ ಗಂಡು ಹೆಣ್ಣು ಬೇರ್ಪಡಿಸಿ. ಗಿನಿಪಿಗ್‌ನ ಗಂಡುಮರಿಗಳನ್ನು ಮೂರು ವಾರಕ್ಕೇ ತಾಯಿಯಿಂದ ತೆಗೆಯಬೇಕು. ಹೊಸ ಮರಿಗಳಿಗೆ ಮನೆ ಗೊತ್ತಾಗುವ ತನಕ ಮುಂದಿನ ಜೋಡಿ ಮಾಡಬೇಡಿ.

ಮೇವಿನ ಬಗ್ಗೆ ಒಂದೇ ಮಾತು: ಬೇಕಾದುದಕ್ಕಿಂತ ಹೆಚ್ಚಿನ ಪ್ರೋಟೀನ್ ಯೂರಿಯಾ ಆಗಿ ಹೊರಬರುತ್ತದೆ. ಹಾಲೂಡಿಸುವ ತಾಯಿಗೆ ಬೇಕಾದ ಪುಷ್ಟಿಯ ಮೇವನ್ನು ಒಂಟಿ ಗಂಡುಗಳಿಗೂ ಹಾಕಬೇಡಿ.

ಆರನೆಯ ಹೆಜ್ಜೆ: ಶುಚಿ ಮಾಡುವ ಲಯ

ದಿನವೂ ಪಂಜರವನ್ನು ಬೋಳು ಮಾಡಿ ತೊಳೆಯುವವರ ಮನೆಯಲ್ಲಿಯೇ ನಾತ ಹೆಚ್ಚು ಎಂದರೆ ನಂಬುತ್ತೀರಾ? ತನ್ನ ವಾಸನೆ ಪೂರ್ತಿ ಅಳಿದುಹೋದ ಜಾಗದಲ್ಲಿ ಗಂಡು ಚಿಟ್ಟಿಲಿ ಹೊಸದಾಗಿ, ಮೊದಲಿಗಿಂತ ಹುರುಪಿನಿಂದ ಗುರುತು ಹಾಕತೊಡಗುತ್ತದೆ. ಜೊತೆಯಲ್ಲಿ ಇನ್ನೊಂದು ಗಂಡಿದ್ದರೆ ಕಚ್ಚಾಟವೂ ಶುರು.

ನಾನು ಪಾಲಿಸುವ ಕ್ರಮ ಹೀಗಿದೆ. ದಿನವೂ ಒದ್ದೆ ಮೂಲೆಯನ್ನು ಮಾತ್ರ ಒಂದು ಸಣ್ಣ ಸಲಿಕೆಯಿಂದ ತೆಗೆದು ಅಷ್ಟಕ್ಕೇ ಹೊಸ ಹಾಸು ಹಾಕುತ್ತೇನೆ. ತಿಂದು ಬಿಟ್ಟ ಹಸಿ ತರಕಾರಿಯನ್ನು ಅದೇ ದಿನ ತೆಗೆಯುತ್ತೇನೆ. ಹ್ಯಾಮ್‌ಸ್ಟರ್ ಇದ್ದರೆ ಅದರ ಉಗ್ರಾಣವನ್ನೂ ನೋಡಬೇಕು, ಅಲ್ಲಿ ಹಸಿಯದು ಕೊಳೆಯುತ್ತಿರುತ್ತದೆ. ವಾರಕ್ಕೊಮ್ಮೆ ಹಾಸನ್ನು ಬದಲಿಸುವಾಗ ಗೂಡಿನ ಒಣ ಭಾಗವನ್ನು ಒಂದೆರಡು ಹಿಡಿ ಉಳಿಸಿ ಹೊಸ ಹಾಸಿನ ಮೇಲಿಡುತ್ತೇನೆ. ಮೂತ್ರ ಹಿಡಿದ ಹಾಸನ್ನು ಉಳಿಸಬೇಡಿ, ಅದು ಗಂಡುಗಳ ಜಗಳ ಹೆಚ್ಚಿಸುತ್ತದೆ. ಗೂಡಿನ ಒಣ ನಾರು ಜಗಳ ತಗ್ಗಿಸುತ್ತದೆ.

ಮರಿ ಹಾಕುವ ದಿನದ ಸುತ್ತ ಈ ಲಯ ಬದಲಾಗಬೇಕು. ದಿನ ಎಣಿಸಿ, ಹೆರಿಗೆಗೆ ಎರಡು ದಿನ ಮುಂಚೆಯೇ ಹಾಸು ಬದಲಿಸಿ ಮುಗಿಸಿ. ಮರಿ ಹಾಕಿದ ಮೇಲೆ ಚಿಟ್ಟಿಲಿ ಮತ್ತು ಇಲಿಯ ಗೂಡನ್ನು ಕೆಲವು ದಿನ, ಹ್ಯಾಮ್‌ಸ್ಟರ್‌ನ ಗೂಡನ್ನು ವಾರ ಹತ್ತು ದಿನ ಕದಡಬಾರದು. ಕದಡಿದರೆ ಗಾಬರಿಗೊಂಡ ತಾಯಿ ಮರಿಗಳನ್ನೇ ತಿಂದುಬಿಡುವುದುಂಟು. ಗೂಡಿನಿಂದ ದೂರದ ಒದ್ದೆ ಮೂಲೆಯನ್ನು ಸದ್ದಿಲ್ಲದೆ ತೆಗೆಯಬಹುದು. ಈ ದಿನಗಳಲ್ಲಿ ಇದ್ದಕ್ಕಿದ್ದಂತೆ ಕೊಳೆತ ವಾಸನೆ ಬಂದರೆ ಸತ್ತ ಮರಿ ಇರಬಹುದು. ತಾಯಿ ಊಟಕ್ಕೆ ಹೊರಗೆ ಬಂದಾಗ ಅದೊಂದನ್ನೇ ಚಿಮಟದಿಂದ ತೆಗೆಯಿರಿ.

ಪ್ಲಾಸ್ಟಿಕ್ ತಳದಲ್ಲಿ ಬಿಳಿ ಪೊರೆಯಂತೆ ಗಟ್ಟಿಕಟ್ಟುವುದು ಮೂತ್ರದ ಲವಣ. ಬಿಳಿ ವಿನೆಗರ್ ಮತ್ತು ನೀರನ್ನು ಸಮ ಬೆರೆಸಿ ಅರ್ಧ ಗಂಟೆ ನೆನೆಸಿದರೆ ಕರಗುತ್ತದೆ. ವಿನೆಗರ್ ಆಮ್ಲವಾದ್ದರಿಂದ ಉಳಿದ ಅಮೋನಿಯಾವನ್ನೂ ತಟಸ್ಥಗೊಳಿಸುತ್ತದೆ. ಆಮೇಲೆ ಚೆನ್ನಾಗಿ ತೊಳೆದು ಒಣಗಿಸಿ. ಮೂತ್ರ ಹಿಡಿದ ತಳಕ್ಕೆ ನೇರವಾಗಿ ಬ್ಲೀಚ್ ಸುರಿಯಬೇಡಿ. ಅಮೋನಿಯಾದೊಡನೆ ಸೇರಿ ಕ್ಲೋರಮೀನ್ ಎಂಬ ವಿಷಾನಿಲ ಏಳುತ್ತದೆ. ಬ್ಲೀಚ್ ಮತ್ತು ವಿನೆಗರ್ ಸೇರಿದರೆ ಕ್ಲೋರಿನ್ ಏಳುತ್ತದೆ. ಎರಡೂ ಮನುಷ್ಯರ ಶ್ವಾಸಕೋಶವನ್ನೇ ಸುಡುವಂಥವು. ಗೀರು ಬಿದ್ದು ಮೂತ್ರ ಹೀರಿಕೊಂಡ ಹಳೆಯ ಡಬ್ಬಿಯನ್ನು ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲ, ಬದಲಿಸುವುದೇ ಸರಿ. ಬಣ್ಣ ಬಳಿಯದ ಮರದ ಕಪಾಟಿನದೂ ಅದೇ ಗತಿ.

ಹಾಸು ತೆಗೆಯುವಾಗ ಮಾಸ್ಕ್ ಹಾಕಿಕೊಳ್ಳಿ. ಇಲಿ ಮತ್ತು ಚಿಟ್ಟಿಲಿಯ ಮೂತ್ರದ ಪ್ರೋಟೀನುಗಳು ಒಣಗಿ ಧೂಳಿನೊಡನೆ ಹಾರಿ ಅಲರ್ಜಿ ಮತ್ತು ಆಸ್ತಮಾ ತರಬಲ್ಲವು. ನೆಲವನ್ನು ಒಣದಾಗಿ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಮನೆಯಲ್ಲಿ ಗರ್ಭಿಣಿಯರಿದ್ದರೆ ಈ ಕೆಲಸ ಅವರಿಗೆ ಬೇಡ. ಚಿಟ್ಟಿಲಿ, ಹ್ಯಾಮ್‌ಸ್ಟರ್‌ಗಳಿಂದ ಹರಡುವ ಒಂದು ವೈರಸ್ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ ತರುತ್ತದೆ.

ಏಳನೆಯ ಹೆಜ್ಜೆ: ಗಾಳಿ

ಗಾಜಿನ ತೊಟ್ಟಿ ನೋಡಲು ಚೆಂದ, ಉಸಿರಾಡಲು ಅಲ್ಲ. ನಾಲ್ಕು ಗೋಡೆ ಮುಚ್ಚಿ ಮೇಲೆ ಮಾತ್ರ ತೆರೆದಿದ್ದರೆ ತಳದ ಗಾಳಿ ಕದಲುವುದೇ ಇಲ್ಲ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಾಕುವುದಾದರೆ ಮುಚ್ಚಳದ ಬಹುಭಾಗವನ್ನಲ್ಲದೆ ಎರಡು ಎದುರು ಪಕ್ಕಗಳಲ್ಲಿಯೂ ಕಿಂಡಿ ಕತ್ತರಿಸಿ ಉಕ್ಕಿನ ಜಾಲರಿ ಬಿಗಿಯಿರಿ. ಚಿಟ್ಟಿಲಿಗೆ ಜಾಲರಿಯ ಕಣ್ಣು ಆರು ಮಿಲಿಮೀಟರ್ ದಾಟಬಾರದು, ಮರಿಗಳು ನುಸುಳಿಬಿಡುತ್ತವೆ.

ಕೋಣೆಗೆ ಒಂದು ಎಕ್ಸಾಸ್ಟ್ ಫ್ಯಾನ್ ಹಾಕುವುದು ನಾನು ಬಲ್ಲ ಅತ್ಯುತ್ತಮ ಖರ್ಚು. ಫ್ಯಾನ್ ಒಳಗಿನ ಗಾಳಿಯನ್ನು ಹೊರಗೆ ತಳ್ಳಿದಾಗ ಬಾಗಿಲ ಕೆಳಗಿನ ಸಂದಿಯಿಂದ ಹೊಸ ಗಾಳಿ ತಾನಾಗಿ ಒಳಬರುತ್ತದೆ, ವಾಸನೆ ಮನೆಯ ಕಡೆಗೆ ತಿರುಗುವುದಿಲ್ಲ. ಲೆಕ್ಕ ಸುಲಭ. ಮೂರು ಮೀಟರ್ ಉದ್ದ, ಅಗಲ, ಎತ್ತರದ ಕೋಣೆಯಲ್ಲಿ 27 ಘನ ಮೀಟರ್ ಗಾಳಿ ಇರುತ್ತದೆ. ಗಂಟೆಗೆ 150 ಘನ ಮೀಟರ್ ಎಳೆಯುವ ಫ್ಯಾನ್ ಆ ಗಾಳಿಯನ್ನು ಗಂಟೆಗೆ ಐದು ಬಾರಿಗಿಂತ ಹೆಚ್ಚು ಬದಲಿಸುತ್ತದೆ. ಪ್ರಯೋಗಾಲಯಗಳ ಪ್ರಾಣಿ ಕೋಣೆಗಳಲ್ಲಿ ಹತ್ತರಿಂದ ಹದಿನೈದು ಬಾರಿ ಬದಲಿಸುತ್ತಾರೆ, ಅಲ್ಲಿ ಪಂಜರಗಳು ಗೋಡೆ ತುಂಬ ಇರುತ್ತವೆ. ಮನೆಯ ನಾಲ್ಕಾರು ಪಂಜರಗಳಿಗೆ ಅಷ್ಟು ಬೇಕಿಲ್ಲ. ಒಳಬರುವ ಗಾಳಿ ನೇರವಾಗಿ ಪಂಜರದ ಮೇಲೆ ಬೀಳದಂತೆ ಮಾತ್ರ ನೋಡಿಕೊಳ್ಳಿ.

ಏಸಿ ಇದೆಯಲ್ಲ ಎನ್ನುವವರಿಗೆ ಇದನ್ನು ಒತ್ತಿ ಹೇಳಬೇಕು: ಮನೆಯ ಸ್ಪ್ಲಿಟ್ ಏಸಿ ಹೊರಗಿನ ಗಾಳಿಯನ್ನು ಒಳತರುವುದಿಲ್ಲ. ಅದೇ ಗಾಳಿಯನ್ನು ಸುತ್ತಿಸುತ್ತದೆ, ತಣ್ಣಗೆ ಮಾಡುತ್ತದೆ ಅಷ್ಟೇ. ಬಾಗಿಲು ಕಿಟಕಿ ಮುಚ್ಚಿದ ಏಸಿ ಕೋಣೆಯಲ್ಲಿ ಅಮೋನಿಯಾ ಕೂಡುತ್ತಲೇ ಹೋಗುತ್ತದೆ. ಏಸಿ ನಡೆಯುವಾಗಲೂ ಎಕ್ಸಾಸ್ಟ್ ಫ್ಯಾನ್ ಗಂಟೆಗೆ ಹತ್ತು ಹದಿನೈದು ನಿಮಿಷ ನಡೆಯಲಿ, ಅದಕ್ಕೊಂದು ಟೈಮರ್ ಹಾಕಿ. ಚಳಿಗಾಲದ ಹೀಟರ್‌ಗೂ ಇದೇ ನಿಯಮ.

ಗಾಳಿ ಶುದ್ಧೀಕರಣ ಯಂತ್ರದ ಹೆಪಾ ಫಿಲ್ಟರ್ ಧೂಳು ಮತ್ತು ಕೂದಲನ್ನು ಹಿಡಿಯುತ್ತದೆ, ಅನಿಲವನ್ನಲ್ಲ. ಸಾಮಾನ್ಯ ಇದ್ದಿಲು ಫಿಲ್ಟರ್ ಮೈವಾಸನೆಯನ್ನು ತಗ್ಗಿಸುತ್ತದೆ, ಅಮೋನಿಯಾ ಅದಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಓಝೋನ್ ಬಿಡುವ ಯಂತ್ರ, ಸುಗಂಧದ ಸ್ಪ್ರೇ, ಊದುಬತ್ತಿ, ಸುಗಂಧ ತೈಲ ಯಾವುದನ್ನೂ ಆ ಕೋಣೆಗೆ ಒಯ್ಯಬೇಡಿ. ಘಾಟಿಗೆ ಪರಿಮಳ ಬೆರೆತರೆ ಪ್ರಾಣಿಯ ಶ್ವಾಸಕೋಶಕ್ಕೆ ಎರಡು ಹೊರೆ, ಅಪಾಯವನ್ನು ತಿಳಿಸುವ ಒಂದೇ ಸೂಚನೆಯೂ ಮರೆಯಾಗುತ್ತದೆ.

ಎಂಟನೆಯ ಹೆಜ್ಜೆ: ಕಾವು

ಇಲಿ, ಚಿಟ್ಟಿಲಿ, ಹ್ಯಾಮ್‌ಸ್ಟರ್, ಜರ್ಬಿಲ್, ಗಿನಿಪಿಗ್‌ಗಳ ಕೋಣೆಗೆ 20ರಿಂದ 26 ಡಿಗ್ರಿ ಸೆಲ್ಸಿಯಸ್ ಮತ್ತು 30ರಿಂದ 70 ಶೇಕಡಾ ತೇವಾಂಶ ಎಂಬುದು ಪ್ರಯೋಗಾಲಯಗಳು ಪಾಲಿಸುವ ಅಳತೆ. ಮನೆಗೂ ಅದೇ ಸಾಕು. ಗಿನಿಪಿಗ್‌ಗೆ ಆ ವ್ಯಾಪ್ತಿಯ ಕೆಳತುದಿ ಹಿತ, 28 ದಾಟಿದರೆ ಅಪಾಯ. ಜರ್ಬಿಲ್‌ಗೆ ತೇವಾಂಶ 50 ದಾಟಿದರೆ ತುಪ್ಪಳ ಜಿಡ್ಡುಜಿಡ್ಡಾಗಿ ಅಂಟಿಕೊಳ್ಳುತ್ತದೆ. ಇಲಿ ಮರಿಗಳಿಗೆ ಗಾಳಿ ಅತಿಯಾಗಿ ಒಣಗಿದ್ದರೆ ಬಾಲದ ಮೇಲೆ ಉಂಗುರದಂತೆ ಬಿಗಿದು ಬಾಲದ ತುದಿಯೇ ಉದುರಬಹುದು. ಹೀಟರ್ ಹಾಕಿದ ಕೋಣೆಯಲ್ಲಿ ತೇವಾಂಶವನ್ನೂ ಅಳೆಯಿರಿ.

ಕನಿಷ್ಠ ಗರಿಷ್ಠ ಎರಡನ್ನೂ ನೆನಪಿಡುವ ಡಿಜಿಟಲ್ ಥರ್ಮಾಮೀಟರ್ ಕೊಳ್ಳಿ. ಅದನ್ನು ಗೋಡೆಗೆ ತೂಗುಹಾಕಿದರೆ ಗೋಡೆಯ ಬಿಸಿ ಮಾತ್ರ ತಿಳಿಯುತ್ತದೆ. ಪಂಜರದ ಎತ್ತರದಲ್ಲಿಡಿ. ಅಟ್ಟಣಿಗೆಯ ಮೇಲಿನ ಸಾಲು ಕೆಳಗಿನ ಸಾಲಿಗಿಂತ ಬೆಚ್ಚಗಿರುತ್ತದೆ, ಒಮ್ಮೊಮ್ಮೆ ಹಲವು ಡಿಗ್ರಿ. ಪಂಜರದ ಒಳಗು ಕೋಣೆಗಿಂತ ಬೆಚ್ಚಗೆ, ಗೂಡು ಅದಕ್ಕಿಂತಲೂ ಬೆಚ್ಚಗೆ. ಇದನ್ನೇ ಉಪಯೋಗಿಸಿಕೊಳ್ಳಬಹುದು: ಪುಟ್ಟ ಮರಿಗಳ ತಾಯಂದಿರು ಚಳಿಗಾಲದಲ್ಲಿ ಮೇಲಿನ ಸಾಲಿನಲ್ಲಿ, ಬೇಸಿಗೆಯಲ್ಲಿ ಎಲ್ಲರೂ ಆದಷ್ಟು ಕೆಳಗೆ.

ಮರಿಗಳನ್ನು ಬೆಚ್ಚಗಿಡುವುದು ಹೀಟರ್ ಅಲ್ಲ, ಗೂಡು. ಹುಟ್ಟಿದ ಮೊದಲ ದಿನಗಳಲ್ಲಿ ಮರಿಗೆ ತನ್ನ ಮೈಕಾವನ್ನು ತಾನೇ ಕಾಪಾಡಿಕೊಳ್ಳಲು ಬರುವುದಿಲ್ಲ, ತುಪ್ಪಳ ಬರಲು ವಾರವೇ ಬೇಕು. ಚಿಟ್ಟಿಲಿಗೆ ಹಿತವಾದ ಕಾವು ಸುಮಾರು 30 ಡಿಗ್ರಿ. ಕೋಣೆ 22 ಇದ್ದರೂ ಒಳ್ಳೆಯ ಗೂಡಿನೊಳಗೆ ಆ ಕಾವನ್ನು ಅದು ತಾನೇ ಮಾಡಿಕೊಳ್ಳುತ್ತದೆ, ನಾವು ಕೈತುಂಬ ಸಾಮಗ್ರಿ ಕೊಡಬೇಕು ಅಷ್ಟೇ. ಉದ್ದಕ್ಕೆ ಸೀಳಿದ ಮೃದು ಕಾಗದ ಎಂಟು ಹತ್ತು ಗ್ರಾಂ ಕೊಟ್ಟು ಮರುದಿನ ನೋಡಿ. ಸುತ್ತಲೂ ಗೋಡೆ ಎದ್ದು ಮೇಲೆ ಕಮಾನಿನಂತೆ ಮುಚ್ಚಿದ ಗೂಡು ಕಾಣುತ್ತದೆ, ನಡುವೆ ಬೆರಳು ತೂರಿಸಿದರೆ ಒಲೆಯ ಬದಿಯಂಥ ಹಿತವಾದ ಬಿಸಿ. ಗೂಡಿನ ಗೋಡೆ ಎತ್ತರವಿದ್ದರೆ ತಾಯಿಗೆ ಚಳಿಯಾಗುತ್ತಿದೆ ಎಂದರ್ಥ, ಬೋಗುಣಿಯಂತೆ ಚಪ್ಪಟೆಯಾಗಿ ತೆರೆದಿದ್ದರೆ ಸೆಖೆಯಾಗುತ್ತಿದೆ ಎಂದರ್ಥ. ನನ್ನ ಮಟ್ಟಿಗೆ ಇದು ಥರ್ಮಾಮೀಟರಿಗಿಂತ ನಂಬಿಕಸ್ಥ. ಹತ್ತಿ, ಎಳೆಎಳೆಯಾಗಿ ಬಿಡುವ ಕೃತಕ ನಾರು ಕೊಡಬೇಡಿ. ಮರಿಯ ಕಾಲಿಗೆ ಸುತ್ತಿಕೊಂಡು ರಕ್ತ ನಿಲ್ಲಿಸುತ್ತದೆ.

ಅಷ್ಟರ ಮೇಲೂ ಕೋಣೆ 18ಕ್ಕಿಂತ ಕೆಳಗಿಳಿಯುತ್ತಿದ್ದರೆ ಪಂಜರಕ್ಕಿಂತ ಕೋಣೆಯನ್ನೇ ಬೆಚ್ಚಗೆ ಮಾಡಿ. ಎಣ್ಣೆ ತುಂಬಿದ ರೇಡಿಯೇಟರ್ ಹೀಟರ್ ಬೆಂಕಿಯ ಭಯ ಕಡಿಮೆ ಇರುವಂಥದ್ದು. ಬಿಸಿಯ ಮ್ಯಾಟ್ ಬಳಸುವುದಾದರೆ, ಬಿಸಿ ಮಿತಿ ಮೀರದಂತೆ ತಾನಾಗಿ ಆರಿಸುವ ಥರ್ಮೋಸ್ಟಾಟ್ ಇಲ್ಲದೆ ಬೇಡ, ಪಂಜರದ ತಳಕ್ಕೂ ಬೇಡ. ತಳಕ್ಕೆ ಇಟ್ಟರೆ ಮೂತ್ರ ಹಿಂಗಿದ ಪದರವನ್ನೇ ಕಾಯಿಸಿ ಅಮೋನಿಯಾ ಎಬ್ಬಿಸಿದಂತೆ. ಹೊರಗಿನಿಂದ ಒಂದು ಪಕ್ಕದ ಗೋಡೆಗೆ, ಮೂರನೇ ಒಂದು ಭಾಗ ಮಾತ್ರ ತಾಗುವಂತೆ ಇಡಿ, ಸೆಖೆಯಾದರೆ ತಾಯಿ ಆಚೆ ಸರಿಯಲು ಜಾಗವಿರಲಿ. ವೈರ್ ಹಲ್ಲಿಗೆ ಸಿಗಬಾರದು.

ತಣ್ಣಗಾದ ಮರಿ ಸಿಕ್ಕರೆ ಸತ್ತಿದೆ ಎಂದು ಕೂಡಲೇ ನಿರ್ಧರಿಸಬೇಡಿ. ಅಂಗೈಯಲ್ಲಿ ಹಿಡಿದು ನಿಧಾನವಾಗಿ ಬಿಸುಪು ಕೊಡಿ. ಕಲ್ಲಿನಂತಿದ್ದ ಮರಿ ಅರ್ಧ ಗಂಟೆಯಲ್ಲಿ ಕಾಲಾಡಿಸಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ಕಂಡಿದ್ದೇನೆ. ಮೈ ಬೆಚ್ಚಗಾದ ಮೇಲೆಯೇ ತಾಯಿಯ ಬಳಿ ಬಿಡಿ.

ಚಳಿಗಿಂತ ಸೆಖೆ ದೊಡ್ಡ ಶತ್ರು. ಇವು ನಮ್ಮಂತೆ ಬೆವರುವುದಿಲ್ಲ, ನಾಯಿಯಂತೆ ತೇಕಿ ತಣಿಯುವುದೂ ಇಲ್ಲ. ಇಲಿ ಬಾಲದ ಮೂಲಕ ಕಾವು ಬಿಡುತ್ತದೆ, ಅದೂ ಸಾಲದಾದಾಗ ಜೊಲ್ಲನ್ನು ಮೈಗೆ ಹಚ್ಚಿಕೊಳ್ಳುತ್ತದೆ. ಆದ್ದರಿಂದ ಬಿಸಿ ಗಾಳಿಯನ್ನೇ ಬೀಸುವ ಫ್ಯಾನ್‌ನಿಂದ ಅವುಗಳಿಗೆ ಹೆಚ್ಚು ಉಪಯೋಗವಿಲ್ಲ. ಪಂಜರದ ಮೇಲೆ ಒದ್ದೆ ಬಟ್ಟೆ ಹೊದಿಸಿದರೆ ಗಾಳಿಯೂ ನಿಂತು ತೇವವೂ ಏರುತ್ತದೆ. ನೀರು ಹೆಪ್ಪುಗಟ್ಟಿಸಿದ ಬಾಟಲಿಗೆ ಒಣ ಬಟ್ಟೆ ಸುತ್ತಿ ಪಂಜರದ ಹೊರಗೆ ಒಂದು ಪಕ್ಕಕ್ಕೆ ಆನಿಸಿ, ಒಳಗೆ ಒಂದು ಕಲ್ಲಿನ ಅಥವಾ ಸೆರಾಮಿಕ್ ಹಲಗೆ ಇಡಿ. ಮೈಚಾಚಿ ಬಿದ್ದು, ಬಾಯಿ ತೆರೆದು ಉಸಿರಾಡುವ ಪ್ರಾಣಿಯನ್ನು ತಂಪು ಜಾಗಕ್ಕೆ ಒಯ್ದು ಕಿವಿ, ಪಾದ, ಬಾಲಕ್ಕೆ ಸಾಧಾರಣ ತಣ್ಣೀರು ಸವರಿ, ಐಸ್ ನೀರು ಬೇಡ, ಪಶುವೈದ್ಯರಿಗೆ ತೋರಿಸಿ.

ಸೆಖೆಯ ಪೆಟ್ಟು ಕೆಲವೊಮ್ಮೆ ತಡವಾಗಿ ಕಾಣುತ್ತದೆ. ಬಿಸಿಗೆ ಗಂಡಿನ ವೀರ್ಯಾಣು ಕೆಡುತ್ತದೆ. ಹೊಸದು ತಯಾರಾಗಲು ಚಿಟ್ಟಿಲಿಗೆ ಸುಮಾರು ಐದು ವಾರ, ಇಲಿಗೆ ಏಳು ವಾರಕ್ಕೂ ಹೆಚ್ಚು ಬೇಕು. ಬಿಸಿಲಿನ ದಿನಗಳು ಕಳೆದು ಎರಡು ತಿಂಗಳಾದರೂ ಗಬ್ಬ ನಿಲ್ಲದಿದ್ದರೆ ಹೆಣ್ಣನ್ನು ಬದಲಿಸುವ ಮೊದಲು ಹಳೆಯ ತಾಪಮಾನದ ಟಿಪ್ಪಣಿ ತೆರೆದು ನೋಡಿ. ಹಾಲೂಡಿಸುವ ತಾಯಿಯ ಕಷ್ಟ ಇನ್ನೂ ಹೆಚ್ಚು. ಹಾಲು ಉತ್ಪಾದನೆಯೇ ಮೈಯಲ್ಲಿ ಕಾವು ಹುಟ್ಟಿಸುತ್ತದೆ. ಕೋಣೆ 30 ಆದರೆ ಚಿಟ್ಟಿಲಿ ತಾಯಿ ಕಡಿಮೆ ತಿನ್ನುತ್ತದೆ, ಹಾಲೂ ಇಳಿಯುತ್ತದೆ, ಮರಿಗಳು ಸಣ್ಣಗೆ ಉಳಿಯುತ್ತವೆ. ತಾಯಿ ಮರಿಗಳನ್ನು ಬಿಟ್ಟು ದೂರ ಹೋಗಿ ಮಲಗುತ್ತಿದ್ದರೆ ಅದನ್ನು ಕೆಟ್ಟ ತಾಯಿ ಎನ್ನಬೇಡಿ, ಅದಕ್ಕೆ ತಡೆಯಲಾರದ ಸೆಖೆಯಾಗಿದೆ.

ಕರೆಂಟ್ ಹೋದಾಗ

ಇದಕ್ಕೆ ಮೊದಲೇ ಸಿದ್ಧರಾಗಿರಬೇಕು. ಫ್ರೀಜರಿನಲ್ಲಿ ನಾಲ್ಕು ನೀರಿನ ಬಾಟಲಿ ಸದಾ ಇರಲಿ, ಬ್ಯಾಟರಿಯ ಸಣ್ಣ ಫ್ಯಾನ್ ಒಂದು ಇರಲಿ. ಚಳಿಯಲ್ಲಾದರೆ ಬಿಸಿನೀರಿನ ಚೀಲಕ್ಕೆ ದಪ್ಪ ಟವೆಲ್ ಸುತ್ತಿ ಗೂಡಿನ ಪಕ್ಕದ ಗೋಡೆಗೆ ಹೊರಗಿನಿಂದ ಆನಿಸಿ, ಪಂಜರದ ಮೂರು ಪಕ್ಕಕ್ಕೆ ಕಂಬಳಿ ಹೊದಿಸಿ, ನಾಲ್ಕನೆಯದನ್ನು ಗಾಳಿಗೆ ಬಿಡಿ. ಎಕ್ಸಾಸ್ಟ್ ನಿಂತಿರುವುದರಿಂದ ಎರಡು ಗಂಟೆಗೊಮ್ಮೆ ಬಾಗಿಲು ತೆರೆದು ಕೋಣೆಯ ಗಾಳಿ ಬದಲಿಸಿ.

ಕರೆಂಟ್ ಬಂದು ಹೀಟರ್ ಅಥವಾ ಏಸಿ ಶುರುವಾದ ಮೇಲೆ ಒಂದು ಗಂಟೆ ಕಾದು, ಪ್ರತಿ ಪಂಜರದ ಬಾಟಲಿಯ ಕೆಳಗಿನ ಹಾಸನ್ನು ಒಂದು ಹಿಡಿ ತೆಗೆದು ಹಿಂಡಿ ನೋಡಿ. ಕೋಣೆ ತಣಿದು ಮತ್ತೆ ಬಿಸಿಯಾಗಿದ್ದರೆ ಆ ಹೊತ್ತಿಗೆ ಯಾವುದಾದರೊಂದು ಬಾಟಲಿ ಸೋರಿರುತ್ತದೆ. ಆ ಮೂಲೆಯನ್ನು ಅಂದೇ ಬದಲಿಸಿಬಿಡಿ.